‘ಹೌದು’ ಅನ್ನೋ ಪದ ಎಲ್ಲಿಂದ ಬಂತು?

ಒಂದು ಸಲ ಆಫೀಸಿನ ಕಾಲ್‌ನಲ್ಲಿ ಸಣ್ಣ ಅವಾಂತರ ಮಾಡಿಕೊಂಡೆ. ಜರ್ಮನಿಯಲ್ಲಿ ಕೂತಿದ್ದ ಸಹೋದ್ಯೋಗಿ ಇಂಗ್ಲಿಷ್‌ನಲ್ಲಿ ಕೇಳಿದರು, "ಡಿಡಂಟ್ ಯು ಸೆಂಡ್ ದ ಫೈಲ್?" ಅಂತ. ನಾನು ಕಳಿಸಿರಲಿಲ್ಲ. ತಲೆಯೊಳಗೆ ಪ್ರಶ್ನೆ ಕನ್ನಡದಲ್ಲಿ ಇಳಿಯಿತು: "ಫೈಲ್ ಕಳಿಸಿಲ್ವಾ?" ಉತ್ತರವೂ ಕನ್ನಡದಲ್ಲೇ ಎದ್ದಿತು: "ಹೌದು, ಕಳಿಸಿಲ್ಲ." ಬಾಯಿಂದ ಹೊರಗೆ ಬಂದದ್ದು ಮಾತ್ರ ಬರೀ "ಯೆಸ್". ಅವರು ಖುಷಿಯಾಗಿ ಥ್ಯಾಂಕ್ಸ್ ಹೇಳಿ ಕಾಲ್ ಕಟ್ ಮಾಡಿದರು. ಮಾರನೆಯ ದಿನ ಬಂದ ಮೇಲ್ ಅಷ್ಟು ಖುಷಿಯದ್ದಾಗಿರಲಿಲ್ಲ.

ತಪ್ಪು ನನ್ನದೇ, ಬಿಡಿ. ಆದರೆ ಆಮೇಲೆ ಒಂದು ಹುಳ ತಲೆಗೆ ಹೊಕ್ಕಿತು. ಎರಡು ಅಕ್ಷರದ ಈ ಪದ ಇಷ್ಟು ಎಡವಟ್ಟು ಮಾಡುತ್ತದಲ್ಲ, ಇದು ಎಲ್ಲಿಂದ ಬಂತು? ಬೇರೆಯವರು ಹೌದು ಅನ್ನೋಕೆ ಏನು ಹೇಳುತ್ತಾರೆ? ಓದುತ್ತಾ ಹೋದ ಹಾಗೆ ಗೊತ್ತಾದದ್ದು ಏನೆಂದರೆ, ಯುರೋಪಿನ ಎಷ್ಟೋ ಭಾಷೆಗಳಲ್ಲಿ ‘ಹೌದು’ ಎನ್ನುವುದು ಹುಟ್ಟುತ್ತಲೇ ಒಂದು ಪದವಾಗಿರಲಿಲ್ಲ. ಯಾವುದೋ ಇಡೀ ವಾಕ್ಯ ಸಾವಿರ ವರ್ಷ ಜನರ ಬಾಯಲ್ಲಿ ಉರುಳಿ ಉರುಳಿ ಹೊಳೆಯ ಕಲ್ಲಿನ ಹಾಗೆ ಸವೆದು ಉಳಿದ ಚೂರು ಅದು. ಕೆಲವು ಕಡೆ ಅಂಥ ಚೂರೂ ಇಲ್ಲ.

ಮೊದಲು ನಮ್ಮ ಮನೆಯದೇ ಪರೀಕ್ಷೆ ಮಾಡಿ ನೋಡಿ. ಇವತ್ತು ಬೆಳಿಗ್ಗೆಯಿಂದ ನೀವು ಎಷ್ಟು ಸಲ ‘ಹೌದು’ ಅಂದಿದ್ದೀರಿ? "ಕಾಫಿ ಕುಡಿದ್ಯಾ?" "ಕುಡಿದೆ." "ಊಟ ಆಯ್ತಾ?" "ಆಯ್ತು." "ಚಿಲ್ಲರೆ ಇದೆಯಾ?" "ಇದೆ." "ನಾಳೆ ಬರ್ತೀಯಾ?" "ಬರ್ತೀನಿ." ಎಲ್ಲೂ ಹೌದು ಬರಲಿಲ್ಲ. ಕೇಳಿದ ಕ್ರಿಯಾಪದವನ್ನೇ ಹಿಡಿದು ವಾಪಸ್ ಕೊಟ್ಟುಬಿಡುತ್ತೇವೆ. "ಊಟ ಆಯ್ತಾ?" ಅಂದರೆ "ಹೌದು" ಅಂತ ಯಾರಾದರೂ ಉತ್ತರ ಕೊಟ್ಟರೆ ಡಬ್ ಆದ ಸೀರಿಯಲ್ ನೋಡಿದ ಹಾಗೆ ಅನಿಸುತ್ತದೆ, ಅಲ್ವಾ? ನಮ್ಮಲ್ಲಿ ಹೌದು ಇದೆ, ಆದರೆ ಅದಕ್ಕೆ ಬೇರೆಯೇ ಕೆಲಸ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದಕ್ಕೆ ಮುಂಚೆ ರೋಮ್‌ಗೆ ಹೋಗಬೇಕು.

ರೋಮನ್ನರು ಅರ್ಧ ಯುರೋಪ್ ಆಳಿದರು, ಕಾನೂನು ಬರೆದರು, ರಸ್ತೆ ಹಾಕಿದರು. ಅವರ ಲ್ಯಾಟಿನ್‌ನಲ್ಲಿ ಮಾತ್ರ ಹೌದು ಅನ್ನೋಕೆ ಅಂತಲೇ ಇಟ್ಟ ಒಂದು ಪದ ಇರಲಿಲ್ಲ. ಅವರೂ ನಮ್ಮ ಹಾಗೇ ಕ್ರಿಯಾಪದ ಹಿಂದಿರುಗಿಸುತ್ತಿದ್ದರು. "ವೆನಿಸ್‌ನೆ?" ಅಂದರೆ "ಬರ್ತೀಯಾ?" ಉತ್ತರ "ವೆನಿಯೊ", ಬರ್ತೀನಿ. ಆ ಕೊನೆಯ ‘ನೆ’ ನೋಡಿ. ನಾವು ‘ಬರ್ತೀಯ’ಗೆ ಒಂದು ‘ಆ’ ಅಂಟಿಸಿ ಪ್ರಶ್ನೆ ಮಾಡುವ ಹಾಗೆ ಅವರು ‘ನೆ’ ಅಂಟಿಸುತ್ತಿದ್ದರು. ಹೌದು ಎಂಬ ಉತ್ತರವನ್ನೇ ಎದುರು ನೋಡುತ್ತಾ ಕೇಳಬೇಕಾದರೆ ‘ನೊನ್ನೆ’ ಅಂತ ಶುರು ಮಾಡುತ್ತಿದ್ದರು, ನಮ್ಮ ‘ಅಲ್ವಾ’ ಮಾಡುವ ಕೆಲಸ ಅದಕ್ಕೆ. ಶಾಲೆಯಲ್ಲಿ ಯಾರಾದರೂ ಲ್ಯಾಟಿನ್ ಅನ್ನು ಇಂಗ್ಲಿಷ್ ಮೂಲಕ ಕಲಿಸದೆ ಕನ್ನಡದ ಮೂಲಕ ಕಲಿಸಿದ್ದರೆ ಅರ್ಧ ವ್ಯಾಕರಣ ಸುಮ್ನೆ ಬಂದುಬಿಡುತ್ತಿತ್ತೇನೋ. ಕ್ರಿಯಾಪದ ಬೇಡ ಅನಿಸಿದಾಗ ರೋಮನ್ನರು ‘ಇತಾ’, ‘ಸಿಕ್’ ಅನ್ನುತ್ತಿದ್ದರು. ಎರಡಕ್ಕೂ ‘ಹಾಗೆ’ ಅಂತ ಅರ್ಥ. ಹಾಗೇ ಸರಿ, ಹಾಗೇ ಇದೆ, ಆ ಥರ.

ಸಾಮ್ರಾಜ್ಯ ಮುರಿದುಬಿತ್ತು. ಲ್ಯಾಟಿನ್ ಊರೂರಿಗೆ ಒಂದೊಂದು ಥರ ಆಯಿತು. ಆಗ ಜನಕ್ಕೆ ಚಿಕ್ಕದಾದ ಹೌದು ಬೇಕಾಯಿತು, ಮತ್ತು ಒಂದೊಂದು ಸೀಮೆಯವರು ಒಂದೊಂದು ಕಡೆಯಿಂದ ಅದನ್ನು ಕೆತ್ತಿಕೊಂಡರು. ಇಟಲಿ ಮತ್ತು ಸ್ಪೇನ್‌ನವರು ‘ಸಿಕ್’ ಹಿಡಿದುಕೊಂಡರು. ಕೊನೆಯ ‘ಕ್’ ಉದುರಿ ‘ಸೀ’ ಆಯಿತು. ಪೋರ್ಚುಗೀಸರಲ್ಲಿ ಅದು ಮೂಗಿಗೆ ಹೋಗಿ ‘ಸಿಂ’. ಅಂದರೆ ಇಟಲಿಯವನು ‘ಸೀ ಸೀ’ ಅಂದಾಗಲೆಲ್ಲ ಅವನು ನಿಜವಾಗಿ ಹೇಳುತ್ತಿರುವುದು ‘ಹಾಗೇ ಹಾಗೇ’ ಅಂತ.

ಇಂದಿನ ಫ್ರಾನ್ಸ್‌ನ ದಕ್ಷಿಣದವರು ‘ಹೊಕ್’ ಹಿಡಿದರು. ಲ್ಯಾಟಿನ್‌ನಲ್ಲಿ ಅದು ‘ಇದು’. ಯಾರಾದರೂ ಏನಾದರೂ ಕೇಳಿದರೆ ‘ಇದೇ’ ಅಂದ ಹಾಗೆ. ‘ಹ’ ಬಿದ್ದುಹೋಗಿ ‘ಒಕ್’ ಆಯಿತು. ಉತ್ತರದವರು ಇನ್ನೂ ಮಜಾ ಮಾಡಿದರು. ಅವರಿಗೆ ‘ಇದು’ ಸಾಲಲಿಲ್ಲ. ಹಿಂದೆ ಸರ್ವನಾಮವನ್ನೂ ಸೇರಿಸುತ್ತಿದ್ದರು: ‘ಇದು ನಾನು’, ‘ಇದು ಅವನು’, ಅಂದರೆ ‘ಇದನ್ನು ನಾನು (ಮಾಡಿದೆ)’, ‘ಇದನ್ನು ಅವನು (ಮಾಡಿದ)’. ಹಳೆಯ ಫ್ರೆಂಚ್‌ನಲ್ಲಿ ನನ್ನ ಬಗ್ಗೆ ಕೇಳಿದರೆ ‘ಒ ಜೆ’, ಅವನ ಬಗ್ಗೆ ಕೇಳಿದರೆ ‘ಒ ಇಲ್’. ಕ್ರಿಯಾಪದವೇ ಇಲ್ಲದ ಅರ್ಧ ವಾಕ್ಯ. ಕಾಲ ಹೋದ ಹಾಗೆ ಯಾರ ಬಗ್ಗೆ ಕೇಳಿದರೂ ‘ಒ ಇಲ್’ ಒಂದೇ ಉಳಿಯಿತು, ಅದು ‘ಒಯಿಲ್’ ಆಯಿತು, ಕೊನೆಯ ‘ಲ್’ ಕಳಚಿತು, ಇವತ್ತು ‘ವೀ’ ಆಗಿದೆ. ಪ್ಯಾರಿಸ್‌ನ ಅಂಗಡಿಯಾಕೆ ‘ಬ್ರೆಡ್ ಇದೆಯಾ’ ಅಂದದ್ದಕ್ಕೆ ‘ವೀ’ ಅಂದರೆ, ಆ ಒಂದು ಉಸಿರಿನೊಳಗೆ ‘ಇದನ್ನು ಅವನು’ ಅಂತ ಯಾವನೋ ಅನಾಮಿಕ ‘ಅವನು’ ಇನ್ನೂ ಕೂತಿದ್ದಾನೆ. ನನಗೆ ಇದನ್ನು ಓದಿದ ದಿನ ಪಕ್ಕದಲ್ಲಿದ್ದವರಿಗೆಲ್ಲ ಹೇಳಿಕೊಂಡು ತಿರುಗಾಡುವಷ್ಟು ಖುಷಿಯಾಗಿತ್ತು. ಕೇಳಿದವರು ‘ಹೂಂ’ ಅಂದರು ಅಷ್ಟೇ.

ಈ ಹೌದುಗಳನ್ನು ಹಿಡಿದೇ ಭಾಷೆಗಳನ್ನು ವಿಂಗಡಿಸಬಹುದು ಎಂದು ಹೊರಟವನು ಇಟಲಿಯ ಕವಿ ದಾಂತೆ. 1302ರಲ್ಲಿ ಅವನನ್ನು ಫ್ಲಾರೆನ್ಸ್‌ನಿಂದ ಗಡೀಪಾರು ಮಾಡಿದರು. ಊರೂರು ಅಲೆಯುತ್ತಿದ್ದ ಆ ವರ್ಷಗಳಲ್ಲಿ ಜನರ ಆಡುಮಾತಿನ ಬಗ್ಗೆ ಒಂದು ಪ್ರಬಂಧ ಬರೆಯಲು ಶುರು ಮಾಡಿ ಅರ್ಧಕ್ಕೆ ಬಿಟ್ಟ. ಆಡುಮಾತಿನ ಪರ ವಕಾಲತ್ತು ಮಾಡುವ ಆ ಪ್ರಬಂಧ ಇದ್ದದ್ದು ಲ್ಯಾಟಿನ್‌ನಲ್ಲಿ ಅನ್ನೋದು ಬೇರೆ ಮಾತು. ಅದರಲ್ಲಿ ಅವನು ಹೇಳುತ್ತಾನೆ: ದಕ್ಷಿಣ ಯುರೋಪಿನ ಒಂದೇ ಮಾತು ಮೂರು ಸೀಳಾಗಿದೆ, ಕೆಲವರು ಒಕ್ ಅನ್ನುತ್ತಾರೆ, ಕೆಲವರು ಒಯಿಲ್, ಇನ್ನು ಕೆಲವರು ಸೀ. ಇಷ್ಟು ಸಲೀಸಾದ ವಿಂಗಡಣೆ ನಾನು ಬೇರೆಲ್ಲೂ ನೋಡಿಲ್ಲ. ಆದರೆ ಮಿಕ್ಕ ಯುರೋಪಿನ ವಿಷಯಕ್ಕೆ ಬಂದಾಗ ಅವನೂ ಎಡವಿದ. ಜರ್ಮನ್ನರು, ಇಂಗ್ಲಿಷರು, ಸ್ಲಾವ್ ಜನ, ಹಂಗೇರಿಯವರು ಎಲ್ಲರೂ ಸುಮಾರಾಗಿ ‘ಯೊ’ ಅನ್ನುತ್ತಾರೆ ಅಂತ ಬರೆದುಬಿಟ್ಟ. ಜರ್ಮನ್ನರಿಗೇನೋ ಅದು ಸರಿ. ಹಂಗೇರಿಯವರು ಅನ್ನೋದು ‘ಇಗೆನ್’. ದೂರದವರೆಲ್ಲ ಒಂದೇ ಥರ ಕೇಳಿಸುವುದು 700 ವರ್ಷ ಹಿಂದೆಯೂ ಇತ್ತು. ‘ಮದ್ರಾಸಿ’ ಅನ್ನಿಸಿಕೊಂಡು ಅಭ್ಯಾಸ ಇರುವ ನಮಗೆ ಇದು ಹೊಸದಲ್ಲ.

ದಾಂತೆ ಧಾರವಾಡಕ್ಕೆ ಬಂದಿದ್ದರೆ ಏನು ಮಾಡುತ್ತಿದ್ದ ಅಂತ ಯೋಚಿಸಿದೆ. ಅಲ್ಲಿ ‘ಹೌದ್ರೀ’. ಮಂಗಳೂರಲ್ಲಿ ‘ಹೌದು ಮಾರ್ರೆ’. ಮೈಸೂರು ಕಡೆ ‘ಹೂಂ ಕಣೋ’. ಅವನ ಲೆಕ್ಕದಲ್ಲಿ ರ್‍ರೀ ನಾಡು, ಮಾರ್ರೆ ನಾಡು, ಕಣೋ ನಾಡು ಅಂತ ಮೂರು ಆಗಿಬಿಡುತ್ತಿದ್ದವು.

ನಗೆಯಲ್ಲ ಇದು. ಫ್ರಾನ್ಸ್‌ನಲ್ಲಿ ನಿಜವಾಗಿಯೂ ಹಾಗೇ ಆಯಿತು. ದಕ್ಷಿಣದ ಒಂದು ದೊಡ್ಡ ಸೀಮೆಗೆ ‘ಲಾಂಗ್‌ದೊಕ್’ ಅಂತಲೇ ಹೆಸರು ಬಿತ್ತು. ‘ಒಕ್ ಅನ್ನೋ ಭಾಷೆ’ ಅಂತ ಅದರರ್ಥ. ವೈನ್ ಬಾಟಲಿಯ ಮೇಲೆ ಈ ಹೆಸರು ನೋಡಿರುತ್ತೀರಿ. ಆ ಭಾಷೆಯ ಹೆಸರು ಒಕ್ಸಿತಾನ್, ಅದರೊಳಗೂ ಅದೇ ಒಕ್. ಒಂದು ‘ಹೌದು’ ಭಾಷೆಗೂ ಹೆಸರು ಕೊಟ್ಟಿತು, ನೆಲಕ್ಕೂ ಕೊಟ್ಟಿತು. 2016ರಲ್ಲಿ ಫ್ರಾನ್ಸ್ ತನ್ನ ಪ್ರಾಂತ್ಯಗಳನ್ನು ಕೂಡಿಸಿ ಕಡಿಮೆ ಮಾಡಿತು. ಆಗ ಲಾಂಗ್‌ದೊಕ್‌ ಪ್ರಾಂತ್ಯವನ್ನು ಪಕ್ಕದ ತುಲೂಸ್ ಸೀಮೆಯ ಜೊತೆ ಸೇರಿಸಿ ಹೊಸ ಪ್ರಾಂತ್ಯಕ್ಕೆ ‘ಒಕ್ಸಿತಾನಿ’ ಅಂತಲೇ ಹೆಸರಿಟ್ಟರು.

ಹೆಸರು ಉಳಿಯಿತು, ಮಾತು ಸೋತಿತು. ಒಂದು ಕಾಲಕ್ಕೆ ಯುರೋಪಿನಲ್ಲಿ ಪ್ರೇಮಗೀತೆ ಬರೆಯಬೇಕು ಅಂದರೆ ಒಕ್ ಭಾಷೆಯಲ್ಲಿ ಬರೆಯಬೇಕಿತ್ತು. ತ್ರೂಬದೂರ್ ಅಂತ ಕರೆಯುವ ಹಾಡುಗಾರ ಕವಿಗಳು ಅಲ್ಲಿಯವರು, ದಾಂತೆಗೂ ಅವರೆಂದರೆ ಗೌರವ. ಆದರೆ 1209ರಿಂದ 1229ರವರೆಗೆ ಚರ್ಚ್ ಒಪ್ಪದ ಕಥಾರ್ ಎಂಬ ಕ್ರೈಸ್ತ ಪಂಥದವರನ್ನು ಅಡಗಿಸುವ ಹೆಸರಲ್ಲಿ ಉತ್ತರದ ಸರದಾರರು ದಕ್ಷಿಣಕ್ಕೆ ದಂಡೆತ್ತಿ ಬಂದರು. ಅದು ಮುಗಿಯುವ ಹೊತ್ತಿಗೆ ಆ ಕವಿಗಳನ್ನು ಸಾಕುತ್ತಿದ್ದ ದಕ್ಷಿಣದ ಆಸ್ಥಾನಗಳ ಬೆನ್ನು ಮುರಿದಿತ್ತು. 1539ರಲ್ಲಿ ದೊರೆ ಮೊದಲನೆಯ ಫ್ರಾನ್ಸ್ವಾ ಕೋರ್ಟಿನ ಕಾಗದಪತ್ರ ಎಲ್ಲ ಫ್ರೆಂಚ್‌ನಲ್ಲೇ ಇರಬೇಕು ಅಂತ ಆಜ್ಞೆ ಹೊರಡಿಸಿದ. ಆಮೇಲೆ ಎಲ್ಲರಿಗೂ ಶಾಲೆ ಬಂತು, ಮತ್ತು ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ ಬಂತು. ಆ ಅನುಭವಕ್ಕೆ ಅಲ್ಲಿಯವರು ಇಟ್ಟ ಹೆಸರು ‘ವೆರ್ಗೊನ್ಯ’, ಅಂದರೆ ನಾಚಿಕೆ. ತಮ್ಮ ಅಮ್ಮನ ಭಾಷೆಯಲ್ಲಿ ‘ಒಕ್’ ಅಂದದ್ದಕ್ಕೆ ನಾಚಿಕೊಂಡು ‘ವೀ’ ಅನ್ನಲು ಕಲಿತ ಮಕ್ಕಳು. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿ ದಂಡ ಕಟ್ಟಿದವರು ನಮ್ಮಲ್ಲೂ ಸಾಕಷ್ಟು ಜನ ಇದ್ದಾರೆ, ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಒಕ್ ಭಾಷೆಯ ಪ್ರೊವೆನ್ಸ್ ಸೀಮೆಯ ಬಗೆಯಲ್ಲಿ ಬರೆದ ಫ್ರೆಡೆರಿಕ್ ಮಿಸ್ತ್ರಾಲ್‌ಗೆ 1904ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಆದರೂ ಮಕ್ಕಳ ಬಾಯಿಗೆ ಭಾಷೆ ವಾಪಸ್ ಬರಲಿಲ್ಲ. ಇನ್ನೊಂದು ವಿಚಿತ್ರ ಅಂದರೆ, ಒಕ್‌ಗೆ ಸರ್ಕಾರಿ ಭಾಷೆಯ ಪೂರ್ತಿ ಮಾನ್ಯತೆ ಸಿಕ್ಕಿರುವುದು ಸ್ಪೇನ್‌ನಲ್ಲಿ. ಪಿರನೀಸ್ ಬೆಟ್ಟದ ಮಡಿಲಲ್ಲಿ ಅರಾನ್ ಅಂತ ಒಂದು ಪುಟ್ಟ ಕಣಿವೆ ಇದೆ. ಅದು ಸ್ಪೇನ್‌ನ ಕತಲೂನ್ಯಾ ಪ್ರಾಂತ್ಯಕ್ಕೆ ಸೇರಿದ್ದು, ಮತ್ತು 2006ರಿಂದ ಇಡೀ ಕತಲೂನ್ಯಾದಲ್ಲಿ ಅಲ್ಲಿಯ ಮಾತು ಅಧಿಕೃತ.

ಇನ್ನು ಇಂಗ್ಲಿಷ್. ನಮ್ಮ ತಲೆನೋವಿನ ಮೂಲ. ಇವತ್ತು ಅದರಲ್ಲಿ ಒಂದು ಯೆಸ್, ಒಂದು ನೋ. ಹಿಂದೆ ನಾಲ್ಕು ಇದ್ದವು: ಯೇ, ನೇ, ಯೆಸ್, ನೋ. "ಅವನು ಬರ್ತಾನಾ?" ಅಂತ ನೇರವಾಗಿ ಕೇಳಿದರೆ ಯೇ ಅಥವಾ ನೇ. "ಅವನು ಬರಲ್ವಾ?" ಅಂತ ಇಲ್ಲ ಸೇರಿಸಿ ಕೇಳಿದರೆ ಮಾತ್ರ ಯೆಸ್ ಅಥವಾ ನೋ. ಯೆಸ್ ಅಂದರೆ "ಯಾಕೆ ಬರಲ್ಲ, ಬಂದೇ ಬರ್ತಾನೆ" ಅಂತ. ಹಳೆಯ ರೂಪ ‘ಗೆಸೆ’ ಥರದ್ದು, ಅದು ‘ಯೇ’ಗೆ ‘ಆಗಲಿ’ ಅನ್ನುವ ಕ್ರಿಯಾಪದ ಸೇರಿ ಆದದ್ದು ಅಂತ ವಿದ್ವಾಂಸರ ಅಂದಾಜು. ಹಾಗಿದ್ದರೆ ಯೆಸ್ ಕೂಡ ಒಂದು ಸವೆದ ವಾಕ್ಯವೇ, ನಮ್ಮ ‘ಹೂಂ, ಆಗಲಿ’ ಇದ್ದ ಹಾಗೆ.

ಈ ನಾಲ್ಕು ಪದದ ನಿಯಮದ ಮೇಲೆ ಒಂದು ಜಗಳವೂ ನಡೆದಿದೆ. ವಿಲಿಯಂ ಟಿಂಡೇಲ್ 1526ರಲ್ಲಿ ಬೈಬಲ್‌ನ ಹೊಸ ಒಡಂಬಡಿಕೆಯನ್ನು ಇಂಗ್ಲಿಷ್‌ಗೆ ತಂದು ಅಚ್ಚು ಹಾಕಿಸಿದ. ಅದರಲ್ಲಿ ಯೋಹಾನನನ್ನು "ನೀನು ಆ ಪ್ರವಾದಿಯಾ?" ಅಂತ ಕೇಳುವ ಜಾಗದಲ್ಲಿ ಉತ್ತರ ‘ನೋ’ ಅಂತಿದೆ. 1532ರಲ್ಲಿ ಕಟ್ಟಾ ಕ್ಯಾಥೊಲಿಕ್ ಪಂಡಿತ ಥಾಮಸ್ ಮೋರ್ ಅದನ್ನು ಹಿಡಿದು ಜಾಡಿಸಿದ. ನೇರ ಪ್ರಶ್ನೆಗೆ ‘ನೇ’ ಅನ್ನಬೇಕು, ಇಷ್ಟೂ ಗೊತ್ತಿಲ್ಲದವನು ಬೈಬಲ್ ಅನುವಾದ ಮಾಡ್ತಾನಾ ಅನ್ನುವ ಧಾಟಿ. ಅವರಿಬ್ಬರ ನಿಜವಾದ ಜಗಳ ಧರ್ಮದ್ದು, ಈ ವ್ಯಾಕರಣ ಬರೀ ನೆಪ. ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಏನು ಗೊತ್ತಾ? ನಿಯಮ ವಿವರಿಸುವ ಭರದಲ್ಲಿ ಮೋರ್ ಸ್ವತಃ ಅದನ್ನು ತಿರುಗಾಮುರುಗಾ ಹೇಳಿಬಿಟ್ಟ. ಅವನು ಕೊಟ್ಟ ನಿಯಮಕ್ಕೂ ಅವನೇ ಕೊಟ್ಟ ಉದಾಹರಣೆಗೂ ತಾಳೆ ಆಗುವುದಿಲ್ಲ. ಇದು ಎಲ್ಲರ ಕಣ್ಣು ತಪ್ಪಿಸಿಕೊಂಡು 19ನೇ ಶತಮಾನದವರೆಗೂ ಹಾಗೇ ಇತ್ತು. ಬಯ್ಯುವವನಿಗೇ ಗೊಂದಲ ಅಂದರೆ ನಿಯಮ ಆಗಲೇ ಸಾಯುತ್ತಿತ್ತು ಅಂತ ಅರ್ಥ. ಪಾಪ, ಇಬ್ಬರ ಗತಿಯೂ ಒಂದೇ ಆಯಿತು. 1535ರಲ್ಲಿ ಎಂಟನೆಯ ಹೆನ್ರಿ ಮೋರ್‌ನ ತಲೆ ಕಡಿಸಿದ, ಮರುವರ್ಷ ಬ್ರಸೆಲ್ಸ್ ಹತ್ತಿರ ಟಿಂಡೇಲ್‌ನ ಕತ್ತು ಹಿಸುಕಿ ಸುಟ್ಟರು.

ಮುಂದೆ ಇಂಗ್ಲಿಷ್‌ನಲ್ಲಿ ಯೇ, ನೇ ಎರಡೂ ಮೂಲೆ ಸೇರಿದವು. ಅದೇ ಹೊತ್ತಿಗೆ, 1570ರ ಸುಮಾರಿಗೆ, ‘ಆಯ್’ ಅಂತ ಇನ್ನೊಂದು ಹೌದು ಬರಹದಲ್ಲಿ ತಲೆ ಹಾಕಿತು. ನಮ್ಮ ಲೋಕಸಭೆಯಲ್ಲಿ ಸ್ಪೀಕರ್ "ದ ಆಯ್ಸ್ ಹ್ಯಾವ್ ಇಟ್" ಅನ್ನುತ್ತಾರಲ್ಲ, ಅದೇ.

ಇಂಗ್ಲಿಷರು ಕಳೆದುಕೊಂಡ ಈ ಅನುಕೂಲ ಅಕ್ಕಪಕ್ಕದವರಲ್ಲಿ ಗಟ್ಟಿಯಾಗಿ ಉಳಿದಿದೆ. ಜರ್ಮನ್‌ನಲ್ಲಿ ಸಾಮಾನ್ಯ ಹೌದು ‘ಯಾ’. "ಕಳಿಸಿಲ್ವಾ?" ಅಂದಾಗ "ಕಳಿಸಿದ್ದೀನಿ ಕಣ್ರೀ" ಅನ್ನೋಕೆ ‘ಡೊಖ್’. ಫ್ರೆಂಚ್‌ನಲ್ಲಿ ಆ ಕೆಲಸಕ್ಕೆ ‘ಸಿ’, ಇಟಲಿಯವರ ‘ಸೀ’ಯ ತಮ್ಮ ಅದು. ಸ್ವೀಡನ್, ಡೆನ್ಮಾರ್ಕ್, ನಾರ್ವೆಯಲ್ಲಿ ‘ಯೂ’, ‘ಯೊ’. ಅವತ್ತು ಆ ಕಾಲ್ ಜರ್ಮನ್‌ನಲ್ಲಿ ನಡೆದಿದ್ದರೆ, ಕಳಿಸಿದ್ದರೆ ಡೊಖ್, ಕಳಿಸದಿದ್ದರೆ ನೈನ್. ಎರಡರ ನಡುವೆ ಗೋಡೆ ಇದೆ, ನನ್ನ ಹಾಗೆ ಬೀಳುವ ಹಳ್ಳ ಇಲ್ಲ. ಇಂಗ್ಲಿಷ್‌ನಲ್ಲಿ ಆ ಗೋಡೆ ಬಿದ್ದು ನಾಲ್ಕು ಶತಮಾನ ಆಗಿದೆ, ನಾವು ಕನ್ನಡದ ‘ಹೌದು’ ಹಿಡಿದುಕೊಂಡು ಹೋಗಿ ಅದೇ ಜಾಗದಲ್ಲಿ ಬೀಳುತ್ತೇವೆ.

ಯಾಕೆಂದರೆ ನಮ್ಮ ಹೌದು ಬೇರೆ ಜಾತಿಯದು. ಅದರ ಹುಟ್ಟು ‘ಆಗು’ ಧಾತುವಿನಿಂದ. ಹಳಗನ್ನಡದ ‘ಅಪ್ಪುದು’, ಅಂದರೆ ‘ಆಗುವುದು’. ಪಕಾರ ಹಕಾರವಾಗಿ ‘ಅಹುದು’. "ಲಿಂಗ ಮೆಚ್ಚಿ ಅಹುದಹುದೆನಬೇಕು" ಅಂತ ಬಸವಣ್ಣನವರ ವಚನದಲ್ಲಿ ಬರುವುದು ಈ ರೂಪ. ಆಮೇಲೆ ತಲೆಯ ಅಕಾರ ಹೋಗಿ ‘ಹೌದು’. ತೆಲುಗಿನ ‘ಅವುನು’, ತಮಿಳಿನ ‘ಆಮ್’ ಕೂಡ ಇದೇ ‘ಆಗು’ವಿನ ಮನೆಯವರು. ಹಾಗಾಗಿ ಕನ್ನಡದ ಹೌದು ಅಂದರೆ ‘ನೀನು ಹೇಳಿದ್ದು ಸರಿಹೋಗುತ್ತದೆ’ ಅಂತ. ಫೈಲ್ ಕಳಿಸಿದ್ದೀನಾ ಇಲ್ವಾ ಅನ್ನೋದರ ಉಸಾಬರಿ ಅದಕ್ಕಿಲ್ಲ. ನೀವು ‘ಕಳಿಸಿಲ್ವಾ’ ಅಂದಿರಿ, ನಿಮ್ಮ ಮಾತು ಸರಿ, ಆದ್ದರಿಂದ ಹೌದು. ನನಗೆ ಕೇಳಿದರೆ ಇದೇ ಹೆಚ್ಚು ನ್ಯಾಯ.

ಮತ್ತು ಕ್ರಿಯಾಪದ ವಾಪಸ್ ಕೊಡುವ ನಮ್ಮ ಅಭ್ಯಾಸಕ್ಕೆ ಜೊತೆ ಸಿಗುವುದು ಎಲ್ಲಿ ಅಂದರೆ, ಯುರೋಪಿನ ಪಶ್ಚಿಮದ ತುದಿಯಲ್ಲಿ. ಐರಿಶ್ ಭಾಷೆಗೆ ಇವತ್ತಿಗೂ ಯೆಸ್, ನೋ ಎರಡೂ ಇಲ್ಲ. "ಅರ್ಥ ಆಯ್ತಾ?" ಅಂದರೆ ‘ತಿಗಿಮ್’, ಅರ್ಥ ಆಗುತ್ತೆ. ‘ಇದೆಯಾ’ ಅಂದರೆ ‘ತಾ’, ಇದೆ. ಇಲ್ಲದಿದ್ದರೆ ‘ನೀಲ್’, ನಮ್ಮ ‘ಇಲ್ಲ’ಕ್ಕೆ ಸರಿಯಾಗಿ ಹೊಂದುವ ಪದ. ಐರ್ಲೆಂಡ್‌ನ ಜನಮತಗಣನೆಯ ಚೀಟಿಯಲ್ಲಿ ಯೆಸ್ ಪಕ್ಕ ‘ತಾ’, ನೋ ಪಕ್ಕ ‘ನೀಲ್’ ಅಂತ ಅಚ್ಚು ಹಾಕುತ್ತಾರೆ. 2015ರಲ್ಲಿ ಸಲಿಂಗ ಮದುವೆಗೆ ಮತ ಹಾಕಿದವರಲ್ಲಿ ಶೇಕಡಾ 62ರಷ್ಟು ಜನ ಹೌದು ಅಂದರಲ್ಲ, ಆ ಪ್ರಚಾರದ ಬ್ಯಾಡ್ಜುಗಳ ಮೇಲೂ ‘ತಾ’ ಇತ್ತು. ಕನ್ನಡದವರ ಕಣ್ಣಿಗೆ ಅದು ‘ತಗೊಂಡು ಬಾ’ ಅಂದ ಹಾಗೆ. ಐರಿಶ್ ಬಿಟ್ಟು ಇಂಗ್ಲಿಷ್ ಹಿಡಿದವರಲ್ಲೂ ಹಳೆಯ ಅಭ್ಯಾಸ ಪೂರ್ತಿ ಹೋಗಿಲ್ಲ. "ಆರ್ ಯು ಕಮಿಂಗ್?" ಅಂದರೆ "ಐ ಆಮ್" ಅನ್ನುತ್ತಾರೆ. ಬೆಂಗಳೂರಿನಲ್ಲಿ ನಾವು "ಫಿನಿಶ್ಡ್ ಆ?" "ಫಿನಿಶ್ಡ್" ಅನ್ನೋದು ಅದೇ ಕಾಯಿಲೆ, ಬೇರೆ ಊರು.

ವೇಲ್ಸ್ ಕಥೆ ಕೇಳಿ, ಇನ್ನೂ ಚೆನ್ನಾಗಿದೆ. ವೆಲ್ಷ್ ಭಾಷೆಯಲ್ಲಿ ಹೌದುಗಳ ಒಂದು ಸಂತೆಯೇ ಇದೆ. "ಹಾಲು ಇದೆಯಾ?" ಅಂದರೆ ‘ಓಯ್ಸ್’, ಇದೆ. ಆಗಿಹೋದದ್ದನ್ನು ಕೇಳಿದರೆ, "ಊಟ ಮಾಡಿದ್ಯಾ?" ಅನ್ನೋ ಥರದ್ದು, ‘ದೋ’. "ನೀನು ಬರ್ತಿದ್ದೀಯಾ?" ಅಂದರೆ ‘ಅದು’ ಅಂತ ಕೇಳಿಸುವ ‘ಉದು’, ಇದ್ದೀನಿ. ಆದರೆ ಕ್ರಿಯೆಯ ಬಗ್ಗೆ ಅಲ್ಲದೆ ಗುರುತಿನ ಬಗ್ಗೆ ಕೇಳಿದರೆ, "ಹಾಲಾ ಇದು?" "ನೀನೇನಾ ಅದು?" ಅಂತ ಪದವೊಂದನ್ನು ಮುಂದೆ ತಂದು ಒತ್ತಿ ಕೇಳಿದರೆ, ಆಗ ಉತ್ತರ ‘ಈಯೆ’. ಅದಕ್ಕೆ ವಿರುದ್ಧ ‘ನಗೆ’. ಸ್ವಲ್ಪ ನಿಂತು ನೋಡಿ. "ಹಾಲು ಇದೆಯಾ?" ಇದೆ, ಇಲ್ಲ. "ಇದು ಹಾಲಾ?" ಹೌದು, ಅಲ್ಲ. ನಾವು ಮಾಡುವ ಭೇದವೇ ಅವರೂ ಮಾಡುತ್ತಾರೆ! ಹಿಂದಿಯವರಿಗೆ ಇಲ್ಲ, ಅಲ್ಲಗಳ ವ್ಯತ್ಯಾಸ ಹೇಳಿಕೊಡಲು ಒದ್ದಾಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ವೇಲ್ಸ್‌ನ ಕಾರ್ಡಿಫ್‌ನಿಂದ ಬಂದವರೊಬ್ಬರಿಗೆ ಮಾತ್ರ ಒಂದೇ ನಿಮಿಷದಲ್ಲಿ ಅರ್ಥ ಆಗಬಹುದು.

ಇದೇ ಕಾರಣಕ್ಕೆ ನನಗೆ ಕನ್ನಡದ ಆ್ಯಪ್‌ಗಳಲ್ಲಿ ‘ಹೌದು / ಇಲ್ಲ’ ಅನ್ನೋ ಎರಡು ಬಟನ್ ನೋಡಿದರೆ ಮೈ ಉರಿಯುತ್ತದೆ. ಹೌದಿಗೆ ಜೋಡಿ ಅಲ್ಲ, ಇದೆಗೆ ಜೋಡಿ ಇಲ್ಲ. ಎಡಗಾಲಿನ ಚಪ್ಪಲಿ ಒಂದು, ಬಲಗಾಲಿನದು ಇನ್ನೊಬ್ಬರದು. "ಫೈಲ್ ಅಳಿಸಬೇಕೆ?" ಅಂದರೆ ನಾವು ಹೌದು ಇಲ್ಲ ಎರಡೂ ಅನ್ನಲ್ಲ. ಅಳಿಸು, ಬೇಡ. ಇಂಗ್ಲಿಷ್‌ನ ಯೆಸ್, ನೋ ಅಚ್ಚಿನಲ್ಲಿ ಕನ್ನಡ ಹುಯ್ದರೆ ಹೀಗಾಗುತ್ತದೆ.

ಉಳಿದ ಯುರೋಪನ್ನು ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ ನೋಡಿಬಿಡೋಣ, ಏಕೆಂದರೆ ಇಲ್ಲಿ ಚರಿತ್ರೆಗಿಂತ ತಮಾಷೆ ಜಾಸ್ತಿ. ಪೋಲೆಂಡ್‌ನಲ್ಲಿ ಹೌದು ಅಂದರೆ ‘ತಾಕ್’. ಅದೂ ‘ಹಾಗೆ’ ಅಂತಲೇ, ರೋಮನ್ನರ ಸಿಕ್ ಥರ. ಡೆನ್ಮಾರ್ಕಿಗೆ ಹೋದರೆ ಹೆಚ್ಚುಕಮ್ಮಿ ಅದೇ ಉಚ್ಚಾರಕ್ಕೆ ಥ್ಯಾಂಕ್ಸ್ ಅಂತ ಅರ್ಥ. ಪೋಲೆಂಡಿನವರು ಮನೆಯಲ್ಲಿ, ಫೋನಿನಲ್ಲಿ ತಾಕ್ ಕೂಡ ಅನ್ನಲ್ಲ, ‘ನೊ, ನೊ, ನೊ’ ಅನ್ನುತ್ತಾರೆ. ಎಲ್ಲಕ್ಕೂ ಒಪ್ಪಿಗೆ ಕೊಡುತ್ತಿದ್ದಾರೆ ಅಂತ ತಿಳಿಯಬೇಕು. ರೊಮೇನಿಯಾದವರ ಭಾಷೆ ಲ್ಯಾಟಿನ್ ಮಗಳು, ಆದರೆ ಹೌದು ಮಾತ್ರ ಪಕ್ಕದ ಸ್ಲಾವ್ ಮನೆಯಿಂದ ಸಾಲ ತಂದ ‘ದಾ’. ಬಾಸ್ಕ್ ಜನ ಅನ್ನೋದು ‘ಬಾಯ್’. ಸ್ವೀಡನ್‌ನಲ್ಲಿ ಹೌದು ಅನ್ನುವ ಕೆಲಸ ಮಾಡುವ ‘ಯೊ’ ಅಲ್ಬೇನಿಯಾದಲ್ಲಿ ಇಲ್ಲ ಅನ್ನುತ್ತದೆ. ಫಿನ್‌ಲೆಂಡಿನವರು ಐರಿಶರ ಹಾಗೇ ಕ್ರಿಯಾಪದ ವಾಪಸ್ ಕೊಡುತ್ತಾರೆ, "ತುಲೆತ್ಕೊ?" "ತುಲೆನ್". ಅಲ್ಲಿ ಪ್ರಶ್ನೆಗೆ ಹಿಂದೆ ಅಂಟುವುದು ‘ಕೊ’.

ದೆವ್ವ ಕರೆಯುವ ವೀಜಾ ಬೋರ್ಡ್ ಗೊತ್ತಲ್ಲ? ಅದರ ಹೆಸರು ಫ್ರೆಂಚ್ ವೀ ಮತ್ತು ಜರ್ಮನ್ ಯಾ ಸೇರಿ ಆದದ್ದು ಅಂತ ಎಲ್ಲರೂ ಹೇಳುತ್ತಾರೆ. 1891ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಮಾಡಿಸಿದ ಕಾಲದವರು ಹೇಳಿಕೊಂಡ ಕಥೆಯೇ ಬೇರೆ: ಹೆಸರೇನು ಅಂತ ಬೋರ್ಡನ್ನೇ ಕೇಳಿದರಂತೆ, ಅದೇ ಹೇಳಿತಂತೆ, ‘ಅದೃಷ್ಟ’ ಅಂತ ಅರ್ಥವಂತೆ. ಎರಡರಲ್ಲಿ ಯಾವುದನ್ನು ನಂಬುವುದು ನಿಮಗೆ ಬಿಟ್ಟದ್ದು.

ಇಡೀ ಖಂಡದಲ್ಲಿ ಹುಷಾರಾಗಿರಬೇಕಾದ ಗಡಿ ಒಂದೇ, ಬಲ್ಗೇರಿಯಾ ಮತ್ತು ಗ್ರೀಸ್ ನಡುವಿನದು. ಬಲ್ಗೇರಿಯಾದಲ್ಲಿ ‘ನೆ’ ಅಂದರೆ ಇಲ್ಲ. ಗಡಿ ದಾಟಿ ಗ್ರೀಸ್‌ಗೆ ಕಾಲಿಟ್ಟರೆ ‘ನೆ’ ಅಂದರೆ ಹೌದು. ಬಾಯಿ ನಂಬೋದು ಬೇಡ, ತಲೆ ಅಲ್ಲಾಡಿಸೋಣ ಅಂದರೆ ಅಲ್ಲೂ ಕಷ್ಟ. ಬಲ್ಗೇರಿಯಾದವರು ತಲೆಯನ್ನು ಆ ಕಡೆ ಈ ಕಡೆ ಆಡಿಸಿದರೆ ಹೌದು, ಮೇಲಕ್ಕೆ ಎತ್ತಿದರೆ ಇಲ್ಲ. ಭುಜದಿಂದ ಭುಜಕ್ಕೆ ತಲೆ ತೂಗಿ ಹೌದೂ ಅಲ್ಲದ ಅಲ್ಲವೂ ಅಲ್ಲದ ಉತ್ತರ ಕೊಡುವ ನಾವು ಅಲ್ಲಿ ಹೇಗೋ ಬದುಕಿಕೊಳ್ಳುತ್ತೇವೆ ಅನಿಸುತ್ತದೆ. ಗ್ರೀಕರ ‘ಇಲ್ಲ’ಕ್ಕಂತೂ ಒಂದು ರಾಷ್ಟ್ರೀಯ ರಜೆಯೇ ಇದೆ. 1940ರ ಅಕ್ಟೋಬರ್ 28ರಂದು ಮುಸೊಲಿನಿಯ ಬೆದರಿಕೆಗೆ ಅವರ ಪ್ರಧಾನಿ ಮೆಟಾಕ್ಸಾಸ್ ‘ಓಹಿ’, ಇಲ್ಲ, ಅಂದ ದಿನ ಅದು. ನಿಜ ಹೇಳಬೇಕೆಂದರೆ ಅವರು ಅವತ್ತು ಅಂದದ್ದು ಫ್ರೆಂಚ್‌ನಲ್ಲಿ, "ಹಾಗಾದರೆ ಯುದ್ಧವೇ ಸರಿ" ಅಂತ. ಜನ ಅದನ್ನು ಒಂದು ಪದಕ್ಕೆ ಇಳಿಸಿದರು. ಹೌದುಗಳ ಹಾಗೇ ಇಲ್ಲಗಳೂ ಸವೆಯುತ್ತವೆ.

ಸವೆತದ ಕೊನೆಯ ಮೆಟ್ಟಿಲು ಸ್ವೀಡನ್‌ನ ಉತ್ತರದಲ್ಲಿದೆ, ಉಮೆಯೊ ಊರಿನ ಆಚೆಈಚೆ. ಅಲ್ಲಿ ಹೌದು ಅನ್ನೋಕೆ ಪದವೇ ಬೇಡ. ತುಟಿ ಸ್ವಲ್ಪ ಮುಂದೆ ಮಾಡಿ ‘ಶ್ಶುಪ್’ ಅಂತ ಒಮ್ಮೆ ಉಸಿರು ಒಳಗೆ ಎಳೆದರೆ ಆಯಿತು. ಕಥೆ ಕೇಳುವಾಗ ನಾವು ಹೂಂಗುಟ್ಟುತ್ತೇವಲ್ಲ, ಅವರು ಉಸಿರುಗುಟ್ಟುತ್ತಾರೆ. ನಮ್ಮ ಟೀಮ್‌ಗೆ ಆ ಕಡೆಯವರೊಬ್ಬರು ಬಂದು ಸೇರಿದ್ದಾರೆ. ಮೊದಲ ಕಾಲ್‌ನಲ್ಲಿ ನಾನು ಹಳೆಯ ಪಾಠ ನೆನಪಿಟ್ಟುಕೊಂಡು, ಯೆಸ್ ನೋ ಗೋಜೇ ಬೇಡ ಅಂತ, "ಐ ಹ್ಯಾವ್ ನಾಟ್ ಸೆಂಟ್ ದ ಫೈಲ್, ಐ ವಿಲ್ ಸೆಂಡ್ ಇಟ್ ಟುಡೇ, ಈಸ್ ದಟ್ ಓಕೆ?" ಅಂತ ಪೂರ್ತಿ ಬಿಡಿಸಿ ಕೇಳಿದೆ. ಆ ಕಡೆಯಿಂದ ಗಕ್ಕನೆ ಉಸಿರು ಎಳೆದುಕೊಂಡ ಸದ್ದು. ನಾನು ಗಾಬರಿಯಾಗಿ ಮೂರು ಸಲ ಸಾರಿ ಕೇಳಿದೆ.